ಉಣ್ಣಿ ಅವೇನು?

ಚಿಂಚೋಳಿ ಕಡಿ ಒಂದು ದನದ ದವಾಖಾನಿ.
ಹದಿನಾಲ್ಕು ವರ್ಷದಿಂದ ಅದರ ಬಾಗಲಾ ತೆಗಿಯಾಕಿ ನಾನು.
ಜ್ವರ ಬಂದ ಎಮ್ಮಿ ಬಂದರ
ಡಾಕ್ಟರ್ ಸಾಹೇಬರು ಕೇಳೋ ಮೊದಲನೇ ಮಾತು:
ಉಣ್ಣಿ ಅವೇನು?
ಕಿವಿ ಹಿಂದ, ಕೆಚ್ಚಲ ಸಂದಿ, ಬಾಲದ ಬುಡ,
ಬೆರಳಾಡಿಸಿ ನೋಡು ಚಂದಮ್ಮ.
ನೋಡತೀನಿ.
ಎಳ್ಳಿನಷ್ಟು ಇದ್ದದ್ದು
ಉಂಡು ಉಂಡು ಔಡಲ ಬೀಜದಷ್ಟಾಗಿ ಕುಂತಿರತದ.
ಕುರಿ ಮೈಮ್ಯಾಲಿಂದ ಎರಡೂ ಬರತಾವ,
ಕಂಬಳಿಗಿ ಉಣ್ಣೆ, ನಮಗ ಉಣ್ಣಿ.

ನನಗ ಯಾವಾಗ ಕಚ್ಚಿತೋ ತಿಳೀಲಿಲ್ಲ.
ಮೊಣಕಾಲ ಹಿಂದ ಒಂದು ಕೆಂಪು ಬಳಿ,
ನಡುವ ಚುಕ್ಕಿ,
ಚಹಾದ ಗಲಾಸು ಇಟ್ಟು ಎತ್ತಿದಂಗ.
ಹುಳಕಡ್ಡಿ ಅಂದರು, ಮುಲಾಮು ಕೊಟ್ಟರು.
ಬಳಿ ದೊಡ್ಡದಾಯಿತು, ತೆಳ್ಳಗಾಯಿತು, ಹೋಯಿತು.
ಮುಲಾಮಿಗಿ ಹೆಸರು ಬಂತು.

ದೀಡ ತಿಂಗಳಿಗಿ
ಬಾಯಿ ಮುಕ್ಕಳಿಸಿದ ನೀರು
ಎಡಗಡಿ ತುಟಿಯಿಂದ ತಾನೇ ಸೋರಿತು.
ಮೊಣಕಾಲು ಕುಂಬಳಕಾಯಿ ಆಯಿತು.
ಓಣಿ ಮಂದಿ ಗಾಳಿ ಅಂದರು.
ಊರ ದವಾಖಾನಿ ಚಿಕೂನ್‌ಗುನ್ಯಾ ಅಂತು.
ಕಲಬುರಗಿಯೊಳಗ ಒಬ್ಬರು ವಾತ ಅಂದರು,
ಇನ್ನೊಬ್ಬರು ನನ್ನ ಕಡಿ ನೋಡದೆ
ನಮ್ಮ ಮನಿಯವರಿಗಿ ಕೇಳಿದರು:
ಮನ್ಯಾಗ ಏನರ ಟೆನ್ಶನ್ ಅದ ಏನ್ರಿ?
ಇದ್ದಿಲ್ಲ. ಅವತ್ತಿನಿಂದ ಸುರುವಾಯಿತು.

ನೋವು ಒಂದೇ ಕಡಿ ಇರತಿದ್ದಿಲ್ಲ,
ಇವತ್ತು ಮುಂಗೈ, ನಾಳಿಗಿ ಹಿಮ್ಮಡ,
ಬಾಡಿಗಿ ಕೊಡದ ಮಂದಿ ಮನಿ ಬದಲಿಸಿದಂಗ.
ತೋರಸು ಅಂದಾಗ ಊರಾಗೇ ಇರತಿದ್ದಿಲ್ಲ.
ರೊಟ್ಟಿ ಬಡಿಯೋ ಕೈ ನಡುವೇ ನಿಂತುಬಿಡತಿತ್ತು,
ಹಂಚು ಹೊಗಿ ಬಿಟ್ಟ ಮ್ಯಾಲ ನೆನಪು,
ಏನ ಮಾಡಲಿಕತ್ತಿದ್ದೆ ಅಂತ.
ಚೀಲದ ತುಂಬ ಕಾಗದ.
ನನ್ನ ಎಕ್ಸ್‌ರೇ ಹಿಡಕೊಂಡು
ಮಗ ಗ್ರಹಣ ನೋಡಿದ.

ಕಡೀಕ ಕೇಳಿದ್ದು ದನದ ಡಾಕ್ಟರು.
ಲಸಿ ಬಾಟಲಿ ಕೈ ಜಾರಿ ಒಡೆದ ದಿನ.
ಬೈಲಿಲ್ಲ. ಗಾಜು ಆರಿಸಿಕೋತ ಕುಕ್ಕರಗಾಲಾಗ ಕುಂತು, ಮೆಲ್ಲಕ,
ಚಂದಮ್ಮ, ನಿನಗ ಉಣ್ಣಿ ಕಡದಿತ್ತೇನು?
ಎರಡು ವರ್ಷದಾಗ
ನನ್ನ ಎಮ್ಮಿಯಷ್ಟರೆ ತಿಳಕೊಂಡವರು ಅವರೊಬ್ಬರು.
ಅಲ್ಲೇ ಕುಂತು ಅತ್ತೆ.

ನೆತ್ತರು ಹೈದರಾಬಾದಿಗಿ ಹೋಯಿತು.
ಲೈಮ್ ಅಂತ ಕಾಗದ ಬಂತು.
ಔಷಧ ಅಂಗಡಿ ಹುಡುಗ, ಸೇಡಂ ಕಡಿಯಂವ,
ಸುಣ್ಣದ ರೋಗ ಏನಕ್ಕ ಅಂದ.
ದೊಡ್ಡ ಡಾಕ್ಟರು ಕಾಗದ ತಿರುಗಿಸಿ ಇಟ್ಟರು:
ಅದು ನಮ್ಮ ಕಡಿ ಇಲ್ಲಮ್ಮ.
ಇಲ್ಲದ್ದು ನನ್ನ ಮೊಣಕಾಲಾಗ ಹ್ಯಾಂಗ ಕುಂತದ ಸಾಹೇಬ್ರ?
ನಾನೂ ಕುಂತೆ.
ಹಿಂದಿನ ಸಾಲು ಬಾಗಲದ ತನಕ ಬೆಳೀತು, ಗೊಣಗಿತು.
ಗುಳಿಗಿ ಬರೆದ ಮ್ಯಾಲೇ ಎದ್ದೆ.

ಇಪ್ಪತ್ತೆಂಟು ದಿನ ನುಂಗಿದೆ.
ಬಾಯಿ ನೆಟ್ಟಗಾಯಿತು.
ಮೊಣಕಾಲು ಅರ್ಧ ಮಾತು ಕೇಳತದ.
ತಡಾ ಆಗ್ಯಾದ ಅಂತಾರ.
ಯಾರು ಮಾಡಿದ ತಡಾ,
ಯಾವ ಚೀಟಿಯೊಳಗೂ ಬರೆದಿಲ್ಲ.

ಈಗ ಗುರುವಾರ ಮಧ್ಯಾಹ್ನ ರಜಾ ಹಾಕಿ
ಮಂದಿ ದವಾಖಾನಿ ಕಿಟಕಿ ಹತ್ತರ ಕೂಡತೀನಿ.
ನಾಕು ಅರ್ಜಿ ಕೊಟ್ಟೀನಿ:
ಚೀಟಿಯೊಳಗ ಹೆಸರು, ವಯಸ್ಸು, ಊರು ಅದ,
ಅದರ ಕೆಳಗ ಒಂದು ಪ್ರಶ್ನಿ ಸೇರಿಸ್ರಿ.
ಮೂರಕ್ಕ ಜವಾಬಿಲ್ಲ.
ನಾಕನೇದಕ್ಕ ಪರಿಶೀಲಿಸಲಾಗುವುದು.
ಅಲ್ಲಿ ತನಕ ಆ ಪ್ರಶ್ನಿ ನಾನೇ.

ನಿನ್ನಿ ತಾಂಡಾದ ಥಾವರಿಬಾಯಿ ಬಂದಿದ್ದಳು,
ಮಗಳ ಹೆಗಲ ಮ್ಯಾಲ ಬಳಿ.
ಬಾಲ್‌ಪೆನ್ನಿನಿಂದ ಅದರ ಸುತ್ತ ಗೆರಿ ಎಳೆದು
ತಾರೀಖು ಬರೆದೆ.
ಹುಡುಗಿ ಕಚಗುಳಿಗಿ ನಕ್ಕಳು.
ಇದನ್ನ ಈಗೇ ಒಳಗ ಹೋಗಿ ತೋರಸು.
ಗೆರಿ ದಾಟಿ ಬೆಳೆದರ ನಾಳಿಗಿ ಮತ್ತ ತೋರಸು.
ಹುಳಕಡ್ಡಿ ಅಂದರ ನನ್ನ ಕರಿ.

ಬೆರಳು ನಡುಗಿ ಗೆರಿ ಸೊಟ್ಟ ಬಂದದ.
ಇರಲಿ,
ತುದಿಗಿ ತುದಿ ಕೂಡ್ಯಾದ.