ಸಾಕ್ಷಿ ಕಾಲಂ

ಅಮಾವಾಸ್ಯೆಗೆ ಹತ್ತಿರದ ಶನಿವಾರ
ರಿಪ್ಪನ್‌ಪೇಟೆ ಹೈಸ್ಕೂಲಿನ ತಾರಸಿಯ ಮೇಲೆ
ಒಂದು ಬಿಳಿ ಬೆಡ್‌ಶೀಟು, ಒಂದು ಪಾದರಸದ ಬಲ್ಬು,
ಐದು ಜನ ನಾವು.
ರಾತ್ರಿಯಿಡೀ ಪತಂಗ ನೋಡುತ್ತೇವೆಂದರೆ
ಮನೆಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ.

ಬೇಕರಿ ಆಲ್ವಿನ್ ಮಿಕ್ಕಿದ ಬನ್ನು ತರುತ್ತಾನೆ.
ಕಾಂಪೌಂಡರ್ ಜಿನದತ್ತರು ಹುಳವನ್ನೂ
"ಎಷ್ಟು ದಿನದಿಂದ?" ಎಂದೇ ಮಾತಾಡಿಸುತ್ತಾರೆ.
ಶಮಾಳಿಗೆ ಪರೀಕ್ಷೆ, ಆದರೂ ಬರುತ್ತಾಳೆ.
ಬಲ್ಬು ಲೈನ್‌ಮನ್ ಕೆರಿಯಪ್ಪನವರದು.
ರಿಜಿಸ್ಟರು ನನ್ನದು.
ತಾಲೂಕು ಕಚೇರಿಯಲ್ಲೂ ಅದೇ ಕೆಲಸ, ಹದಿನೇಳು ವರ್ಷ;
ಸ್ಕೇಲಿಟ್ಟು ಎಳೆದ ಗೆರೆ:
ದಿನಾಂಕ, ಜಾಗ, ಹುಳ, ಕಂಡವರು, ಸಾಕ್ಷಿ.

ಪುಸ್ತಕದ ಹೆಸರಿಗೆ ನಾಲಿಗೆ ಹೊರಳದೆ
ನಾವೇ ಇಟ್ಟುಕೊಂಡದ್ದು: ಸುಟ್ಟ ಹಪ್ಪಳ,
ಅತ್ತೆ ಸೆರಗು, ಹರಿದ ಟಿಕೀಟು.

ದಸರಾ ಕಳೆದ ಮೇಲೆ ಕೆರಿಯಪ್ಪ ಹೇಳಿದರು:
ಹುಂಚದ ದಾರಿಯಲ್ಲಿ, ಕಂಬದ ಮೇಲೆ,
ಫ್ಯೂಸು ಹಾಕುವಾಗ ಮೂಗಿನ ಮುಂದೇ
ಹಸಿರು ಚಂದ್ರ ಪತಂಗ, ಅಂಗೈ ಅಗಲ,
"ಬಾಲ ಎರಡೆಳೆ ರಿಬ್ಬನ್ನು ಬಿಟ್ಟಂಗೆ ಮಾರಾಯ್ತಿ."

ಕೈ ತಾನಾಗಿ ಬರೆಯಿತು ಕೊನೇ ಕಾಲಮಿನಲ್ಲಿ:
ಸಾಕ್ಷಿ ಇಲ್ಲ.
ಅಷ್ಟಕ್ಕೇ ಬಿಟ್ಟಿದ್ದರೆ ಕಾಗದದ ಮಾತಾಗುತ್ತಿತ್ತು.
ನಾನು ಬಾಯನ್ನೂ ಸೇರಿಸಿದೆ:
"ಕಂಬದ ಮೇಲೋ, ಕ್ವಾರ್ಟರಿನ ಒಳಗೋ?"

ಎಲ್ಲರೂ ನಕ್ಕರು. ಅವರೂ ನಕ್ಕರು.
ಅದನ್ನೇ ನಾನು ಕ್ಷಮೆ ಅಂದುಕೊಂಡೆ.
ಕುಡಿತ ಬಿಟ್ಟು ಆರು ವರ್ಷವಾಯಿತೆಂದು
ಆಮೇಲೆ, ಮೆಟ್ಟಿಲಿಳಿಯುವಾಗ, ಆಲ್ವಿನ್ ಹೇಳಿದ.

ಮುಂದಿನ ಅಮಾವಾಸ್ಯೆಗೆ ಅವರು ಬರಲಿಲ್ಲ.
ಬಲ್ಬು ಬಂತು,
ತಂಗಿಯ ಮಗನ ಕೈಯಲ್ಲಿ, ಹಳೇ ಟವೆಲ್ಲು ಸುತ್ತಿಕೊಂಡು.
ಅದರ ಮುಂದಿನದಕ್ಕೂ ಬಲ್ಬು ಬಂತು.
ಬೈದಿದ್ದರೆ ಬೈಸಿಕೊಳ್ಳಬಹುದಿತ್ತು.
ಸಿಟ್ಟಾದವರು ಕಳಿಸಿದ ಬೆಳಕಿನಲ್ಲಿ
ಕೂತು ಹುಳ ಎಣಿಸುವುದು ಹೇಗೆ?

ಮನೆಗೆ ಹೋದೆ. ತಪ್ಪಾಯಿತೆಂದೆ, ತಮಾಷೆಗೆಂದೆ,
ಕಚೇರಿಯ ಅಭ್ಯಾಸವೆಂದೆ, ಮತ್ತೆ ತಪ್ಪಾಯಿತೆಂದೆ.
ಅವರು ಕತ್ತರಿಪ್ಲೇಯರಿನ ತುಕ್ಕು ಉಜ್ಜುತ್ತ ಕೇಳಿದರು:
"ನೀ ಹಗುರಾಗಕ್ಕೆ ಬಂದ್ಯೋ, ನನ್ನ ನೋಡಕ್ಕೋ?"
ಉತ್ತರ ಹುಡುಕುವಷ್ಟರಲ್ಲಿ ಚಾ ಆರಿತ್ತು.

ಮಾಘದಲ್ಲಿ ಬಂದರು. ಯಾಕೆಂದು ಹೇಳಲಿಲ್ಲ,
ಯಾರೂ ಕೇಳಲಿಲ್ಲ. ಶಮಾ ಬನ್ನು ಕೊಟ್ಟಳು.
ನಾನು ರಿಜಿಸ್ಟರಿನ ಆ ಪುಟ ತೆಗೆದು
ಹಳೇ ಸಾಲಿನ ಮೇಲೆ ಸ್ಕೇಲಿಟ್ಟೆ.
"ಹೊಡೆದು ಹಾಕ್ಬೇಡ," ಅಂದರು. "ಅದೂ ಇರ್ಲಿ.
ಕೆಳಗೆ ಜಾಗ ಇದೆಯಲ್ಲ."

ಕೆಳಗೆ ಬರೆದೆ: ಕೆರಿಯಪ್ಪ ಕಂಡಿದ್ದಾರೆ.
ಅವರು ಕನ್ನಡಕ ಏರಿಸಿ ಎರಡೂ ಸಾಲು ಓದಿದರು,
ಮೇಲಿನದನ್ನು ತುಸು ಹೆಚ್ಚು ಹೊತ್ತು.

ಬೆಳಗಿನ ಜಾವ ಶೀಟು ಮಡಚುವ ಮೊದಲು
ಕೂತವರನ್ನು ಒಬ್ಬೊಬ್ಬರನ್ನೇ
ಬೆರಳಿಗೆ ಹತ್ತಿಸಿಕೊಂಡು ಕಟ್ಟೆಗೆ ಬಿಡಬೇಕು.
ಒಂದು ಸುಟ್ಟ ಹಪ್ಪಳ ಏಳಲೊಲ್ಲದೆ
ನಮ್ಮಿಬ್ಬರನ್ನೂ ಕಾಯಿಸಿತು.
ಎರಡು ತುದಿ ಅವರು, ಎರಡು ತುದಿ ನಾನು.
ಶೀಟು ಮಡಚುವುದೆಂದರೆ ಗೊತ್ತಲ್ಲ,
ಪ್ರತಿ ಮಡಿಕೆಗೂ ಎದುರಿನವರ ಕಡೆ
ನಡೆದು ಹೋಗಬೇಕು.
ಒಮ್ಮೆ ಮೂಲೆ ತಪ್ಪಿತು, ಮತ್ತೆ ಬಿಚ್ಚಿದೆವು.

ನನ್ನ ಅಂಗೈಯಲ್ಲಿ ರೆಕ್ಕೆಯ ಪುಡಿ.
"ಮುಂದಿನ ತಿಂಗಳು?" ಅಂದೆ.
ಟವೆಲ್ಲಿನಲ್ಲಿ ಬಲ್ಬು ಸುತ್ತುತ್ತ
"ಬಲ್ಬಂತೂ ಬರುತ್ತೆ," ಅಂದರು,
ಮತ್ತು ಈ ಸಲ ನಗಲಿಲ್ಲ.