ಸೂರು ತಟ್ಟುವ ಗುಂಡಿ

ಕಟೋವಿತ್ಸೆ. ಮುಚ್ಚಿದ ಗಣಿಯ ಹಳೇ ದೀಪದ ಕೋಣೆ,
ಅದರ ಮೇಲೆ ಎತ್ತಿದ ಮೂರನೇ ಮಹಡಿ. ನನ್ನ ಕೆಲಸ:
ಕಾದಾಟದ ಆಟಕ್ಕೆ ಹೊಸಬರು ಬಂದರೆ
ಮೊದಲ ನಾಲ್ಕು ನಿಮಿಷದ ಮಾತು ಬರೆಯುವುದು.
ಸಾಲಿಗೆ ಆರು ಪದ, ಮೀರುವಂತಿಲ್ಲ.

ನೋಡಲು ಮೌಸ್ ಅಲುಗಿಸಿ.
ನಡೆಯಲು ಡಬ್ಲ್ಯೂ ಒತ್ತಿ ಹಿಡಿಯಿರಿ.
ಶಭಾಶ್! ಈಗ ಹೊಡೆಯಿರಿ.

ನಡೆದದ್ದಕ್ಕೂ ಶಭಾಶ್.
ಅದು ಬೊಗ್ನಾಳ ಕಟ್ಟಪ್ಪಣೆ.

ಫೆಬ್ರವರಿಯ ಗುರುವಾರ, ಪರೀಕ್ಷೆಗೆ ಬರಬೇಕಿದ್ದ ಹುಡುಗಿಗೆ
ಗಂಟಲು ಬಾತಿತ್ತು. ಬದಲಿಗೆ ಅವಳಜ್ಜ ಬಂದ,
ಎವಾಲ್ಡ್ ಪಿಟ್ಲಿಕ್,
ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತ.
ಕಾಫಿ ಕೂಪನ್ ಕೊಡ್ತೀರಂತಲ್ಲ, ಎಂದ.
ಮೂವತ್ತೊಂದು ವರ್ಷ ಗುಂಡಿಗೆ ಇಳಿದು ಹತ್ತಿದವನಿಗೆ
ಗುಂಡಿ ಒತ್ತುವುದನ್ನು ಕಲಿಸಬೇಕಿತ್ತು ನಾನು.

ಗಾಜಿನ ಈಚೆ ನಾವು.
ನಮ್ಮ ಪರದೆಯಲ್ಲಿ ಅವನೊಂದು ಹಸಿರು ಚುಕ್ಕಿ.
ನೋಡಿ ಎಂದರೆ ಆಕಾಶ ನೋಡಿದ, ಬಹಳ ಹೊತ್ತು.
ಆ ಮೋಡ ಬರೆದವನು ಕೆಲಸ ಬಿಟ್ಟು ವರ್ಷವಾಗಿತ್ತು,
ಅಷ್ಟು ಹೊತ್ತು ಅದನ್ನು ಯಾರೂ ನೋಡಿರಲಿಲ್ಲ.

ಆಮೇಲೆ ಸುರಂಗ.
ಬಗ್ಗಲು ಸಿ ಒತ್ತಿ.
ಒಂಬತ್ತು ಸೆಕೆಂಡಿನಲ್ಲಿ ನುಸುಳಿ ಹೋಗುತ್ತಾರೆ ಮಕ್ಕಳು.
ಇವನು ಬಗ್ಗಿದ. ಎರಡು ಹೆಜ್ಜೆ. ನಿಂತ.
ಚುಕ್ಕಿ ಅಲುಗಲೇ ಇಲ್ಲ.
ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಬಗ್ ಇರಬೇಕು, ಬರೆದುಕೋ, ಎಂದಳು ಬೊಗ್ನಾ.
ಅಷ್ಟರಲ್ಲಿ ಮೈಕಿನಲ್ಲಿ ಅವನ ದನಿ:
ಸೂರು ತಟ್ಟೋದು ಯಾವುದರಲ್ಲಿ?

ಏನು?

ಸೂರು. ತಟ್ಟಿದರೆ ಅದೇ ಹೇಳುತ್ತೆ.
ಗಟ್ಟಿ ಕಲ್ಲಾದರೆ ಗಂಟೆ ಹಾಗೆ.
ಬಿಟ್ಟ ಕಲ್ಲಾದರೆ ಟೊಳ್ಳು ಕುಂಬಳಕಾಯಿ.

ಅದು ಬೀಳೋದಿಲ್ಲ ಅಜ್ಜ, ಬರೀ ಚಿತ್ರ.

ಬೀಳೋದಿಲ್ಲ ಅಂದಿದ್ದೇ ಬೀಳೋದು, ಎಂದ,
ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು
ಗೋಡೆ ಬದಿ ಹಿಡಿದು ಮೆಲ್ಲಗೆ ದಾಟಿದ.

ಕೊನೆಗೆ ಗೊಂಬೆ. ಹುಲ್ಲು ತುಂಬಿದ್ದು, ಗೋಣಿ ಮುಖದ್ದು.
ಬೇಗ ಬೇಗ ಮೂರು ಸಲ ಹೊಡೆಯಿರಿ!
ಒಂದು ಹೊಡೆದ. ಗೊಂಬೆ ಬಿತ್ತು.
ಅದು ಎದ್ದು ನಿಲ್ಲುವ ತನಕ ಕಾದ.
ಮತ್ತೊಂದು ಹೊಡೆದ. ಕಾದ.
ಇನ್ನೊಮ್ಮೆ ಪ್ರಯತ್ನಿಸಿ, ಎನ್ನುತ್ತಿತ್ತು ನಾನು ಬರೆದ ಸಾಲು,
ಇನ್ನೊಮ್ಮೆ ಪ್ರಯತ್ನಿಸಿ,
ಹದಿನೇಳು ಸಲ. ನನ್ನದೇ ಮಾತು ಕೇಳಿ
ನನಗೇ ನಾಚಿಕೆಯಾಗಿ ಹೆಡ್‌ಫೋನ್ ತೆಗೆದಿಟ್ಟೆ.

ಐವತ್ತೆರಡು ನಿಮಿಷ.
ಪಾಠ ಸ್ಪಷ್ಟವಾಗಿತ್ತೇ, ಒಂದರಿಂದ ಐದು, ಎಂಬ ಹಾಳೆಯಲ್ಲಿ
ಯಾವ ಅಂಕಿಗೂ ಸುತ್ತು ಹಾಕದೆ ಕೆಳಗೆ ಬರೆದಿದ್ದ,
ಪೆನ್ಸಿಲಿನಲ್ಲಿ, ಒತ್ತಿ ಒತ್ತಿ:
'ನಮಗೆ ಮೊದಲ ದಿನ ತೋರಿಸಿದ್ದು ಹೊರಗೆ ಹೋಗುವ ದಾರಿ.
ಗುದ್ದಲಿ ಕೊಟ್ಟದ್ದು ಮೂರನೇ ದಿನ.'

ಸಭೆಯಲ್ಲಿ ಓದಿ ಹೇಳಿದೆ.
ಮೊದಲ ನಿಮಿಷಕ್ಕೇ ಬಾಗಿಲು ತೋರಿಸಿದರೆ
ನೂರಕ್ಕೆ ಮೂವತ್ತು ಜನ ಹೋಗೇಬಿಡುತ್ತಾರೆ, ಎಂದರು.
ಲೆಕ್ಕ ಸರಿಯಾಗೇ ಇತ್ತು. ನಾನೂ ತಲೆಯಾಡಿಸಿದೆ.
ಮನೆ ಸಾಲ ಇತ್ತು, ಇನ್ನೇನು ಹೇಳಲಿ.

ಆದರೆ ಒಂದು ರಾತ್ರಿ, ಧ್ವನಿ ವಿಭಾಗದ ರಡೆಕ್‌ಗೆ
ಎರಡು ಬಿಯರ್ ಕುಡಿಸಿ,
ಸುರಂಗದಲ್ಲಿ ಮೇಲೆ ನೋಡಿ ಎಫ್ ಒತ್ತಿದರೆ
ಟಕ್ ಎನ್ನುವಂತೆ ಮಾಡಿದೆವು.
ಯಾವ ಸೂಚನೆಯೂ ಇಲ್ಲ, ಶಭಾಶ್ ಇಲ್ಲ, ಅಂಕವಿಲ್ಲ.
ಅದು ಕಲ್ಲಿನ ಸದ್ದೂ ಅಲ್ಲ, ಕ್ಯಾಂಟೀನಿನ ಮೇಜು.
ಪಿಟ್ಲಿಕ್ ಕೇಳಿದ್ದರೆ ನಕ್ಕುಬಿಡುತ್ತಿದ್ದನೇನೋ.

ನಾಲ್ಕು ಲಕ್ಷ ಜನ ದಾಟಿದ್ದಾರೆ ಆ ಸುರಂಗ.
ತಟ್ಟಿದವರು ಇಪ್ಪತ್ತಮೂರು.
ಅದರಲ್ಲಿ ಇಪ್ಪತ್ತೆರಡು ಬೆರಳು ಜಾರಿ.

ಇನ್ನೊಂದು, ದೂರದ ಪುಂತಾ ಅರೇನಾಸಿನಿಂದ,
ರಾತ್ರಿ ಎರಡು ಗಂಟೆಗೆ:
ಮೂರು ಹೆಜ್ಜೆ, ಟಕ್.
ಮೂರು ಹೆಜ್ಜೆ, ಟಕ್.
ಸುರಂಗ ಮುಗಿಯುವ ತನಕ.