ಎರಡನೆಯ ಕೀಲಿ

ಹೊಸಂಗಡಿಯ ಮೀನು ಮಾರ್ಕೆಟಲ್ಲೋ, ಬಂದ್ಯೋಡಿನ ಬಸ್ಸಲ್ಲೋ
ಬಿದ್ದುಹೋಯಿತು ಕಾರಿನ ಎರಡನೆಯ ಕೀಲಿ,
ಅದರ ಜೊತೆ ಹಿಂಬಾಗಿಲಿನದ್ದೂ.

ಉಪ್ಪಳದ ಅಂದುಞ್ಞಿ ಬಂದು
ಬೀಗದ ಹೊಟ್ಟೆ ಬಗೆದು ಹೊಸ ಕರುಳಿಟ್ಟ.
‘ಕಾರಿನದ್ದು ನನ್ನಿಂದಾಗದು ಅಕ್ಕ,
ಮಂಗಳೂರಿಗೇ ಹೋಗಬೇಕು.
ಹಳೇ ಕೀಲಿಯನ್ನು ಕಾರು ಮರೆಯುವ ಹಾಗೆ
ಮಾಡಿ ಕೊಡುತ್ತಾರೆ.’

ಮರೆಯುವುದಕ್ಕೂ ಸೋಮವಾರ ಬರಬೇಕು.
ಅಲ್ಲಿಯವರೆಗೆ ಕಾರಿನ ಮೂತಿ ಗೋಡೆಗೆ,
ಹಿಂದಿನ ಚಕ್ರಕ್ಕೆ ಅತ್ತೆಯ ಅರೆಯುವ ಕಲ್ಲು.

ರಾತ್ರಿ ಎರಡಕ್ಕೆ
ಅಂಗಳದಲ್ಲಿ ಕುಂಯ್ ಎಂದಿತು,
ಹಳದಿ ಕಣ್ಣು ಮಿಟುಕಿತು.
ಕತ್ತಿ ಹಿಡಿದು ಇಣುಕಿದರೆ
ಇವರು. ಲುಂಗಿಯಲ್ಲಿ.
ಉಳಿದೊಂದು ಕೀಲಿ ಒತ್ತಿ ಒತ್ತಿ
ಮುಚ್ಚಿದ್ದನ್ನೇ ಮುಚ್ಚುತ್ತಿದ್ದಾರೆ.

‘ಒಳಗೆ ಬನ್ನಿ, ಮಂಜು ಬೀಳ್ತದೆ’ ಎಂದೆ.
ಎರಡನ್ನೂ ಒಂದೇ ಬಳೆಗೆ ಪೋಣಿಸಿದವಳು
ನಾನು
ಎನ್ನಲಿಲ್ಲ.